ಮೂವತ್ತು ಸಾವಿರದ ಹೆಡ್‌ಫೋನ್ ಬೇಕೇ?

ಅಂಕಣ: ಮನೆಯ ಜಗಲಿಯಿಂದ



ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ನಮ್ಮ ವಾರ್ಡಿನ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗ ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಕಾಲೇಜಿನಲ್ಲಿ ಎರಡನೆಯ ವರ್ಷ.

"ನೋಡಿ, ಹುಡುಗ ಕೇಳುತ್ತಿರುವುದು ಮೂವತ್ತು ಸಾವಿರದ ಹೆಡ್‌ಫೋನ್! ಅದೂ ಮನೆಯಲ್ಲಿ ಕೂತು ಹಾಡು ಕೇಳಲಿಕ್ಕೆ. ಗಲ್ಫಿನಲ್ಲಿರುವ ಚಿಕ್ಕಪ್ಪ ಬರುವಾಗ ತರುತ್ತಾರಂತೆ, ಹಣ ಮಾತ್ರ ನಾನು ಕೊಡಬೇಕಂತೆ. ಮುನ್ನೂರು ರೂಪಾಯಿಯದ್ದರಲ್ಲಿಯೂ ಹಾಡು ಕೇಳುವುದಿಲ್ಲವೇ? ನೀವಾದರೆ ಏನು ಮಾಡುತ್ತಿದ್ದಿರಿ?"

"ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ" ಎಂದು ನಕ್ಕು ತಪ್ಪಿಸಿಕೊಂಡೆ. ಯಾಕೆಂದರೆ ಇದೇ ಪ್ರಶ್ನೆ 2024ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಎದ್ದಿತ್ತು. ಆಸೆಪಟ್ಟವನು ಮಗನಲ್ಲ, ಐವತ್ತೆಂಟು ವರ್ಷದ ನಾನು!

ನನ್ನ ಆಸೆಗೆ ಒಂದು ಕಾರಣವಿತ್ತು. 1989ರ ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಪೂಜೆಯನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಆ ಕ್ಯಾಸೆಟ್ಟಿನ ಒಂದು ಪ್ರತಿ ನಮ್ಮ ಕಪಾಟಿನಲ್ಲಿತ್ತು. ಅಂದು ಗಾಯನ ಮಂಡಳಿಯಲ್ಲಿ ಹಾಡಿದ ಸುಮಾರು ಇಪ್ಪತ್ತು ಜನರಲ್ಲಿ ನನ್ನ ಅಪ್ಪನೂ ಒಬ್ಬರು. ಅಪ್ಪ 2004ರಲ್ಲಿ ಪ್ರಭುವಿನ ಸನ್ನಿಧಿ ಸೇರಿದರು. ಅವರ ಸ್ವರ ಉಳಿದಿರುವುದು ಅದೊಂದರಲ್ಲಿ ಮಾತ್ರ. ಕ್ಯಾಸೆಟ್ಟನ್ನು ಮಂಗಳೂರಿನಲ್ಲಿ ಎಂಪಿ3 ಮಾಡಿಸಿ ಮೊಬೈಲಿಗೆ ಹಾಕಿಕೊಂಡೆ. ಎಷ್ಟು ಸಲ ಕೇಳಿದರೂ ಆ ಗುಂಪಿನಲ್ಲಿ ಅಪ್ಪ ಯಾರೆಂದು ತಿಳಿಯಲಿಲ್ಲ. ಒಳ್ಳೆಯ ಹೆಡ್‌ಫೋನ್ ಇದ್ದಿದ್ದರೆ ಸ್ವರ ಸ್ವರವನ್ನೂ ಬಿಡಿಸಿ ಕೇಳಬಹುದಿತ್ತು ಎಂಬ ಹುಳ ಆಗ ತಲೆಯೊಳಗೆ ಹೊಕ್ಕಿತು.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಅದು ಶಿಷ್ಯನಾಗುವುದಕ್ಕೆ ತೆರಬೇಕಾದ ಬೆಲೆಯ ಮಾತು, ನಿಜ. ಆದರೂ ಮನೆಯ ಖರ್ಚಿಗೂ ಆ ಬುದ್ಧಿವಾದ ಸಲ್ಲುತ್ತದೆ. ನಾವೂ ಲೆಕ್ಕ ಹಾಕೋಣ ಬನ್ನಿ.

ಹಣ ಎಲ್ಲಿಗೆ ಹೋಗುತ್ತದೆ?

ಹೆಡ್‌ಫೋನಿನ ಒಳಗೆ ಇರುವುದು ಸರಳವಾದ ವಸ್ತು. ಒಂದು ತೆಳ್ಳನೆಯ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಪಕ್ಕದಲ್ಲಿ ಒಂದು ಅಯಸ್ಕಾಂತ. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಪೊರೆ ನಡುಗುತ್ತದೆ, ಆ ನಡುಕವೇ ಸ್ವರವಾಗಿ ಕಿವಿಗೆ ತಲುಪುತ್ತದೆ. ಬಹುಪಾಲು ಹೆಡ್‌ಫೋನುಗಳಲ್ಲಿ, ಮುನ್ನೂರರದ್ದಿರಲಿ ಮೂವತ್ತು ಸಾವಿರದ್ದಿರಲಿ, ನಡೆಯುವುದು ಇದೇ. ಪೊರೆ ಎಷ್ಟು ಹಗುರ, ಎಷ್ಟು ಸಮನಾಗಿ ನಡುಗುತ್ತದೆ, ಸುತ್ತಲಿನ ಚಿಪ್ಪು ಹೇಗಿದೆ ಎಂಬುದರ ಮೇಲೆ ಸ್ವರದ ಗುಣ ನಿಂತಿದೆ.

ಹಾಗಾದರೆ ಹೆಚ್ಚಿನ ಹಣ ಯಾವುದಕ್ಕೆ? ಮೆತ್ತನೆಯ ಕುಶನ್ನಿಗೆ, ತಲೆಯ ಮೇಲಿನ ಪಟ್ಟಿಗೆ, ಬ್ಲೂಟೂತಿಗೆ, ಬ್ಯಾಟರಿಗೆ, ಹೊರಗಿನ ಗದ್ದಲ ಅಡಗಿಸುವ ಮೈಕುಗಳಿಗೆ, ಜಾಹೀರಾತಿಗೆ, ಕೊನೆಗೆ ಹೆಸರಿಗೆ. ಒಳ್ಳೆಯ ಸ್ವರಕ್ಕೂ ಒಂದು ಪಾಲು ಹೋಗುತ್ತದೆ. ಆದರೆ ಬೆಲೆ ಏರಿದಂತೆಲ್ಲ ಸ್ವರವೂ ಏರುತ್ತದೆ ಎಂಬ ನಮ್ಮ ನಂಬಿಕೆ ಅಷ್ಟು ಗಟ್ಟಿಯಲ್ಲ. ಜೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದು 2017ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತಗ್ಗು ಸ್ವರದಿಂದ ತಾರಕ ಸ್ವರದವರೆಗೆ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಗುಣಕ್ಕೂ ಅಂಗಡಿಯ ಬೆಲೆಗೂ ಅವರಿಗೆ ಸಂಬಂಧವೇ ಕಾಣಲಿಲ್ಲ! ಬಾಳಿಕೆ, ಮೆತ್ತನೆ, ಗದ್ದಲ ಅಡಗಿಸುವ ಶಕ್ತಿ ಇವೆಲ್ಲ ಬೇರೆ ಮಾತು. ಸ್ವರದ ಹದವನ್ನು ಮಾತ್ರ ಬೆಲೆಯ ಚೀಟಿ ನೋಡಿ ಹೇಳಲಾಗದು.

ಗದ್ದಲ ಅಡಗಿಸುವ ವಿದ್ಯೆಗೆ ಒಂದು ಒಳ್ಳೆಯ ಕಥೆಯಿದೆ. ಕಲ್ಕತ್ತೆಯಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಗೋಪಾಲ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬೋಸ್ಟನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದರು. ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದ ನಡುವೆ ಸಂಗೀತ ಸರಿಯಾಗಿ ಕೇಳಲಿಲ್ಲ. ಗದ್ದಲಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಗದ್ದಲವನ್ನೇ ಅಡಗಿಸಿದರೆ ಹೇಗೆ ಎಂದು ಆ ಪ್ರಯಾಣದಲ್ಲೇ ಲೆಕ್ಕ ಹಾಕಲು ತೊಡಗಿದರು. ಇಂದು 'ನಾಯ್ಸ್ ಕ್ಯಾನ್ಸಲಿಂಗ್' ಎಂದು ಕರೆಯುವುದು ಇದನ್ನೇ. ಎಂಜಿನ್, ಜನರೇಟರ್, ಫ್ಯಾನಿನಂಥ ಒಂದೇ ಸಮನೆಯ ತಗ್ಗು ಸದ್ದನ್ನು ಅದು ಚೆನ್ನಾಗಿ ಅಡಗಿಸುತ್ತದೆ. ವಿಮಾನದಲ್ಲಿ, ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ ಅದು ವರದಾನವೇ. ಆದರೆ ನಮ್ಮ ಪ್ರಶ್ನೆ ಮನೆಯದ್ದು!

ಹಾಡು, ಕಿವಿ, ಮನೆ

ಮನೆಯಲ್ಲಿ ಕೇಳುವವರು ಮೊದಲು ಮೂರು ವಿಷಯ ನೋಡಬೇಕು.

ಮೊದಲನೆಯದು ಹಾಡು. ಮೂಲದಲ್ಲಿ ಇಲ್ಲದ್ದನ್ನು ಯಾವ ಹೆಡ್‌ಫೋನೂ ಹುಟ್ಟಿಸಲಾರದು. ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟಿನಲ್ಲಿ ಅತಿ ತಾರಕದ ಸ್ವರಗಳು ಉಳಿದಿರುವುದೇ ಕಡಿಮೆ, ಜೊತೆಗೆ 'ಸುಸ್' ಎನ್ನುವ ಟೇಪಿನ ಸದ್ದು ಬೇರೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಹಾಡಿನದ್ದೂ ಅದೇ ಪಾಡು. ಬಾವಿಯ ನೀರೇ ಕದಡಿದ್ದರೆ ಬೆಳ್ಳಿ ಲೋಟದಲ್ಲಿ ಕುಡಿದರೂ ಕದಡಿದ ನೀರೇ.

ಎರಡನೆಯದು ಕಿವಿ. ಎಳೆಯ ಕಿವಿಗೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ ಎನ್ನುತ್ತಾರೆ. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ನನ್ನ ಮಗನಿಗೆ ಕೇಳುವ ಜೀರುಂಡೆಯ ಸದ್ದು ಕೆಲವು ರಾತ್ರಿ ನನಗೆ ಕೇಳುವುದಿಲ್ಲ. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ 40,000 ಹರ್ಟ್ಸ್ ಎಂದು ಬರೆದಿದ್ದರೆ ಅದು ಬಾವಲಿಗೆ ಸಂತೋಷದ ಸುದ್ದಿ, ನನಗಲ್ಲ!

ಮೂರನೆಯದು ಮನೆ. ದುಬಾರಿ ಹೆಡ್‌ಫೋನಿನ ಹೆಚ್ಚುಗಾರಿಕೆ ಇರುವುದು ತೀರಾ ಸೂಕ್ಷ್ಮವಾದ ಸದ್ದುಗಳಲ್ಲಿ. ಅದು ಕೇಳಬೇಕಾದರೆ ಸುತ್ತ ನಿಶ್ಶಬ್ದ ಬೇಕು. ನಮ್ಮ ಕಾಸರಗೋಡಿನ ಜೂನ್, ಜುಲೈ ತಿಂಗಳು ನಿಮಗೆ ಗೊತ್ತಲ್ಲ? ಹೆಂಚಿನ ಮೇಲೆ ಮಳೆ, ಅಂಗಳದ ತಗಡಿನ ಶೀಟಿನ ಮೇಲೆ ಅದರ ಎರಡು ಪಟ್ಟು ಮಳೆ. ಮಳೆ ನಿಂತರೆ ಕಪ್ಪೆ. ಕಪ್ಪೆ ನಿಂತರೆ ಫ್ಯಾನು, ಪಕ್ಕದ ಮನೆಯ ಟಿವಿ. ಇಂಥ ಮನೆಯಲ್ಲಿ ಆ ಸೂಕ್ಷ್ಮವೆಲ್ಲ ಮಳೆನೀರಿನೊಂದಿಗೆ ತೋಡು ಸೇರುತ್ತದೆ.

ಅಂಗಡಿಯಲ್ಲಿ ನೋಡುವ ಕ್ರಮ

ಹಣ ಜೇಬಿನಲ್ಲಿರುವಾಗಲೇ ಪರೀಕ್ಷೆ ಮಾಡಬೇಕು. ಮಂಗಳೂರಿನ ಒಂದು ಅಂಗಡಿಗೆ ಮಗನನ್ನು ಕರೆದುಕೊಂಡು ಹೋದೆ. ಅಲ್ಲಿ ಕಲಿತ ಪಾಠಗಳು ಇವು.

ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಕೇಳಿ. ಅಂಗಡಿಯವರು ಹಾಕುವ ಹಾಡು ಯಾವ ಹೆಡ್‌ಫೋನಿನಲ್ಲಿಯೂ ಚೆನ್ನಾಗಿಯೇ ಕೇಳುತ್ತದೆ, ಅದಕ್ಕಾಗಿಯೇ ಆರಿಸಿಟ್ಟದ್ದು ಅದು. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಸದ್ದು ಸಮವಾಗಿರಲಿ. ಸ್ವಲ್ಪ ಜೋರಾಗಿ ಕೇಳುವುದೇ ನಮ್ಮ ಕಿವಿಗೆ 'ಉತ್ತಮ' ಎನಿಸಿಬಿಡುತ್ತದೆ, ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಕಣ್ಣು ಮುಚ್ಚಿ ಕುಳಿತುಕೊಳ್ಳಿ, ಮಕ್ಕಳು ಬದಲಾಯಿಸಿ ಹಾಕಲಿ. ಬೆಲೆ ಕಾಣದಿದ್ದಾಗ ಕಿವಿ ಹೆಚ್ಚು ಪ್ರಾಮಾಣಿಕವಾಗುತ್ತದೆ. ಕಡೇಪಕ್ಷ ಇಪ್ಪತ್ತು ನಿಮಿಷ ತಲೆಯ ಮೇಲೆ ಇಟ್ಟುಕೊಳ್ಳಿ, ಕನ್ನಡಕ ಹಾಕುವವರು ಕನ್ನಡಕದೊಂದಿಗೇ. ಕಿವಿ ಬೆವರುತ್ತದೆಯೇ, ನೆತ್ತಿ ನೋಯುತ್ತದೆಯೇ ಎಂದು ತಿಳಿಯುವುದು ಆಗಲೇ.

ಒಳಗುಟ್ಟಿನ ಖರ್ಚನ್ನೂ ಕೇಳಿಕೊಳ್ಳಿ. ಈಗಿನ ಅನೇಕ ಮೊಬೈಲುಗಳಲ್ಲಿ ತಂತಿಯ ಹೆಡ್‌ಫೋನ್ ಚುಚ್ಚುವ ತೂತೇ ಇಲ್ಲ, ಬೇರೆ ಕೊಂಡಿ ಬೇಕು. ಕೆಲವು ದುಬಾರಿ ಹೆಡ್‌ಫೋನುಗಳಿಗೆ ಮೊಬೈಲಿನ ಶಕ್ತಿ ಸಾಲದು, ಆಂಪ್ಲಿಫೈಯರ್ ಬೇಕಾಗುತ್ತದೆ. ಬ್ಲೂಟೂತಿನದ್ದಾದರೆ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಅದನ್ನು ಬದಲಾಯಿಸಿಕೊಡುತ್ತಾರೆಯೇ? ಕುಶನ್ ಹರಿದರೆ ಹೊಸದು ಸಿಗುತ್ತದೆಯೇ? ಹೆಚ್ಚು ಹಣ ಕೊಟ್ಟದ್ದಕ್ಕೆ ನ್ಯಾಯ ಸಿಗುವುದು ಇಲ್ಲಿ. ಸೆನ್‌ಹೈಸರ್ ಕಂಪೆನಿಯ ಎಚ್‌ಡಿ 600 ಎಂಬ ತಂತಿಯ ಹೆಡ್‌ಫೋನ್ 1997ರಲ್ಲಿ ಮಾರುಕಟ್ಟೆಗೆ ಬಂತು. ಅದರ ಕುಶನ್, ತಂತಿ ಎಲ್ಲವನ್ನೂ ಬಿಚ್ಚಿ ಬದಲಾಯಿಸಬಹುದಾದ್ದರಿಂದ ವರ್ಷಗಟ್ಟಲೆ ಬಳಸುವವರಿದ್ದಾರೆ. ಹತ್ತು ಹದಿನೈದು ವರ್ಷ ಬಾಳುವ ವಸ್ತುವಿಗೆ ಕೊಟ್ಟ ಹಣ ಬೇರೆ, ಮೂರು ವರ್ಷಕ್ಕೆ ಮೂಲೆ ಸೇರುವ ವಸ್ತುವಿಗೆ ಕೊಟ್ಟ ಹಣ ಬೇರೆ.

ಅಂಗಡಿಯಲ್ಲಿ ಅಪ್ಪನ ಕ್ಯಾಸೆಟ್ಟಿನ ಹಾಡನ್ನೇ ಹಾಕಿಸಿದೆ. ಕಣ್ಣು ಮುಚ್ಚಿಕೊಂಡು ಮೂರು ಹೆಡ್‌ಫೋನಿನಲ್ಲಿ ಕೇಳಿದೆ. ಮುನ್ನೂರರಿಂದ ಮೂರು ನಾಲ್ಕು ಸಾವಿರಕ್ಕೆ ಏರಿದಾಗ ಕತ್ತಲೆ ಕೋಣೆಯ ಕಿಟಕಿ ತೆರೆದ ಹಾಗಾಯಿತು. ಅಲ್ಲಿಂದ ಮೂವತ್ತು ಸಾವಿರಕ್ಕೆ ಏರಿದಾಗ ಕಿಟಕಿಯ ಗಾಜು ಒರೆಸಿದ ಹಾಗಾಯಿತು, ಅಷ್ಟೇ. ಟೇಪಿನ 'ಸುಸ್' ಸದ್ದು ಮಾತ್ರ ಇನ್ನಷ್ಟು ಸ್ಪಷ್ಟ! ಎರಡನೆಯ ಚರಣಕ್ಕೆ ಮುಂಚೆ ಯಾರೋ ಸಣ್ಣಗೆ ಕೆಮ್ಮಿದ್ದು ಕೂಡ ಕೇಳಿತು. ಅಪ್ಪನ ಸ್ವರ ಮಾತ್ರ ಸಿಗಲಿಲ್ಲ.

ಆ ರಾತ್ರಿ

ಇಷ್ಟಾದರೂ ನನ್ನ ಆಸೆ ಬಿಟ್ಟಿರಲಿಲ್ಲ. ದುಬೈಯಿಂದ ರಜೆಗೆ ಬಂದಿದ್ದ ನನ್ನ ಭಾವ, "ಕೊಳ್ಳುವ ಮೊದಲು ನನ್ನದನ್ನು ಒಂದು ವಾರ ಇಟ್ಟುಕೊಳ್ಳಿ ಭಾವಾ" ಎಂದು ತಮ್ಮ ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನನ್ನು ಕೊಟ್ಟರು. ರಾತ್ರಿ ಜಪಸರ, ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ಚಾವಡಿಯಲ್ಲಿ ಕುಳಿತು ಕೇಳುತ್ತಿದ್ದೆ. ಆಹಾ! ಮಳೆಯ ಸದ್ದೇ ಇಲ್ಲ. ಲೋಕದಲ್ಲಿ ನಾನು ಮತ್ತು ಹಾಡು ಇಬ್ಬರೇ.

ನಾಲ್ಕನೆಯ ರಾತ್ರಿ ನನ್ನ ಹೆಗಲ ಮೇಲೆ ಯಾರದೋ ಕೈ ಬಿತ್ತು. ನೋಡಿದರೆ ಹೆಂಡತಿ. ಮುಖದಲ್ಲಿ ಗಾಬರಿ. "ಅತ್ತೆ ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಾರೆ, ನಿಮಗೆ ಕೇಳಿಸಲಿಲ್ಲವೇ?"

ಅಮ್ಮನಿಗೆ ಆಗ 84 ವರ್ಷ. ಮಂಡಿ ನೋವು. ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಲು ಯಾರಾದರೂ ಕೈ ಹಿಡಿಯಬೇಕು. ಅವರ ಕೋಣೆ ಚಾವಡಿಗೆ ತಾಗಿಯೇ ಇದೆ. ನಾನು ಎಚ್ಚರವಾಗಿದ್ದೇನೆ ಎಂಬ ಧೈರ್ಯದಲ್ಲಿ ಹೆಂಡತಿ ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಿದ್ದಳು. ಅಮ್ಮ ಕರೆದು ಕರೆದು, ಕೊನೆಗೆ ತಾವೇ ಎದ್ದು ಮಂಚದ ಕಾಲು ಹಿಡಿದು ಇಳಿಯಲು ಹೋಗಿ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಬಿದ್ದಿರಲಿಲ್ಲ, ದೇವರ ದಯೆ. ನಾವಿಬ್ಬರೂ ಎತ್ತಿ ಮಂಚದ ಮೇಲೆ ಕೂರಿಸಿದಾಗ ಅಮ್ಮ ಬೈಯಲಿಲ್ಲ. "ನೀನು ಮಲಗಿದ್ದಿ ಅಂದುಕೊಂಡೆ ಮಗಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಹೆಡ್‌ಫೋನಿನ ತಪ್ಪು ಏನೂ ಇರಲಿಲ್ಲ. ಹೊರಗಿನದ್ದು ಕೇಳಬಾರದೆಂದೇ ಮಾಡಿದ ವಸ್ತು ಅದು, ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ವಿಮಾನದಲ್ಲಿ ಅದು ಎಂಜಿನ್ನಿನ ಸದ್ದನ್ನು ಮುಚ್ಚುತ್ತದೆ. ಮನೆಯಲ್ಲಿ ಮುಚ್ಚುವುದು ಮನೆಯವರ ಸ್ವರವನ್ನು. ಮರುದಿನವೇ ಭಾವನಿಗೆ ಹಿಂತಿರುಗಿಸಿದೆ.

ಕಿವಿಗೂ ಒಂದು ಲೆಕ್ಕವಿದೆ

ಇನ್ನೊಂದು ಮಾತು, ಇದು ಮುಖ್ಯವಾಗಿ ಯುವಜನರಿಗೆ. ಹೆಡ್‌ಫೋನ್ ಹಾಳಾದರೆ ಇನ್ನೊಂದು ಸಿಗುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಜೋರಾದ ಸದ್ದಿಗೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯಬೇಕು. 90 ಡೆಸಿಬಲ್ಲಿಗೆ ಹೋದರೆ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ ಮಾತ್ರ!

ಇಲ್ಲಿ ನಾಯ್ಸ್ ಕ್ಯಾನ್ಸಲಿಂಗಿನ ಪರವಾಗಿಯೂ ಒಂದು ಮಾತು ಹೇಳಬೇಕು. ಬಸ್ಸಿನ ಗದ್ದಲವನ್ನು ಮೀರಿಸಲು ಸದ್ದು ಏರಿಸುವ ಅಗತ್ಯವನ್ನು ಅದು ತಪ್ಪಿಸುತ್ತದೆ. ಹಾಗೆಂದು ಬೆಲೆ ಹೆಚ್ಚಿದ ಮಾತ್ರಕ್ಕೆ ಕಿವಿಗೆ ರಕ್ಷಣೆ ಸಿಕ್ಕಿತೆಂದು ತಿಳಿಯಬೇಡಿ. ರಕ್ಷಣೆ ಇರುವುದು ಸದ್ದು ಇಳಿಸುವ ನಮ್ಮ ಬೆರಳಿನಲ್ಲಿ. ಹೆಡ್‌ಫೋನ್ ಹಾಕಿಕೊಂಡಾಗ ಪಕ್ಕದಲ್ಲಿ ಕುಳಿತವರಿಗೂ ಹಾಡು ಕೇಳುತ್ತಿದ್ದರೆ, ಅಥವಾ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಎಚ್ಚರವಾಗಿ.

ಹಾಗಾದರೆ ಉತ್ತರ?

ಚರ್ಚಿನ ಅಂಗಳದಲ್ಲಿ ಕೇಳಿದ ಆ ತಂದೆಗೆ ಈಗ ಉತ್ತರ ಹೇಳುತ್ತೇನೆ.

ಸಂಗೀತವನ್ನೇ ಕೆಲಸವಾಗಿ ಮಾಡುವವರಿಗೆ, ರೆಕಾರ್ಡಿಂಗ್ ತಿದ್ದುವವರಿಗೆ, ದಿನಕ್ಕೆ ಹಲವು ಗಂಟೆ ಗಮನವಿಟ್ಟು ಕೇಳುವವರಿಗೆ ಒಳ್ಳೆಯ ಹೆಡ್‌ಫೋನ್ ಒಂದು ಉಪಕರಣ. ಬಡಗಿಗೆ ಉಳಿ ಇದ್ದ ಹಾಗೆ. ಅಂಥವರೂ ಬೆಲೆಯನ್ನಲ್ಲ, ಬಾಳಿಕೆಯನ್ನು ನೋಡಿ ಕೊಳ್ಳಲಿ. ನಿಮ್ಮ ಮಗ ಕೀಬೋರ್ಡ್ ನುಡಿಸುತ್ತಾನೆ. ರಾತ್ರಿ ಯಾರಿಗೂ ತೊಂದರೆಯಾಗದಂತೆ ಅಭ್ಯಾಸ ಮಾಡಲು ಅವನಿಗೆ ಹೆಡ್‌ಫೋನ್ ನಿಜವಾಗಿಯೂ ಬೇಕು. ಅದಕ್ಕೆ ತಂತಿಯದ್ದೇ ಒಳ್ಳೆಯದು, ಬ್ಲೂಟೂತಿನಲ್ಲಿ ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ಮುನ್ನೂರರದ್ದು ಸಾಕು ಎಂದು ಅವನ ಬಾಯಿ ಮುಚ್ಚಿಸಬೇಡಿ. ಮೂವತ್ತು ಸಾವಿರವೂ ಬೇಡ. ಮೂರರಿಂದ ಆರು ಸಾವಿರದೊಳಗೆ ಅವನನ್ನೇ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿಸಿ ಆರಿಸಲು ಹೇಳಿ. ಉಳಿದದ್ದನ್ನು ಅವನ ಸಂಗೀತ ಪಾಠದ ಶುಲ್ಕಕ್ಕೆ ಕಟ್ಟಿ. ಕಿವಿಯನ್ನು ಹರಿತ ಮಾಡುವುದು ಆ ಪಾಠ.

ನಾನು ಏನು ಕೊಂಡೆ ಎನ್ನುವಿರಾ? ನಾಲ್ಕು ಸಾವಿರದೊಳಗಿನ ಒಂದು ತಂತಿಯ ಹೆಡ್‌ಫೋನ್. ಚಿಪ್ಪಿನ ಹಿಂಬದಿ ಮುಚ್ಚಿಲ್ಲ, ಜಾಲರಿಯಂತೆ ತೆರೆದಿದೆ. ಹಾಡು ಸ್ವಲ್ಪ ಹೊರಗೆ ಸೋರುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಬಸ್ಸಿನಲ್ಲಿ ಅದು ದೊಡ್ಡ ದೋಷ. ನನ್ನ ಚಾವಡಿಯಲ್ಲಿ ಅದಕ್ಕಾಗಿಯೇ ಅದನ್ನು ಕೊಂಡದ್ದು. ಅಮ್ಮ ಕರೆದರೆ ಕೇಳುತ್ತದೆ. ಮಳೆ ಜೋರಾದ ರಾತ್ರಿ ಒಂದು ಕಿವಿಯನ್ನು ಬಿಟ್ಟೇ ಹಾಕಿಕೊಳ್ಳುತ್ತೇನೆ.

ಕ್ಯಾಸೆಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ತೆನೆ ಹಬ್ಬದ ಊಟ ಮುಗಿಸಿ ಎಲ್ಲರೂ ಕೂತಿದ್ದಾಗ ಮಗ ಆ ಹಾಡನ್ನು ಸಣ್ಣ ಸ್ಪೀಕರಿನಲ್ಲಿ ಹಾಕಿದ. ಅಮ್ಮ ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಎಂದುಕೊಂಡೆವು. ಎರಡನೆಯ ಚರಣಕ್ಕೆ ಮುಂಚೆ ಆ ಸಣ್ಣ ಕೆಮ್ಮು ಬಂತು. ಅಮ್ಮ ಕಣ್ಣು ತೆರೆದರು. "ಹಬ್ಬದ ಹಿಂದಿನ ದಿನ ಮಳೆಯಲ್ಲಿ ನೆನೆಯಬೇಡಿ ಎಂದಿದ್ದೆ. ಕೇಳಲಿಲ್ಲ ನಿನ್ನ ಅಪ್ಪ" ಎಂದರು.

ಮೂವತ್ತು ಸಾವಿರದ ಹೆಡ್‌ಫೋನಿನಲ್ಲಿ ಆ ಕೆಮ್ಮನ್ನು ನಾನು ಸ್ಪಷ್ಟವಾಗಿಯೇ ಕೇಳಿದ್ದೆ. ಯಾರದೆಂದು ಗೊತ್ತಿದ್ದವರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕೇಳಿರಲಿಲ್ಲ.

ಬಾಲಕ ಸಮುವೇಲನ ಕಥೆ ನಮ್ಮ ಕ್ಯಾಟಕಿಸಂ ಮಕ್ಕಳಿಗೂ ಗೊತ್ತು. ರಾತ್ರಿ ದೇವರು ಕರೆದಾಗ ಅವನಿಗೆ ಅದು ದೇವರ ಸ್ವರವೆಂದು ತಿಳಿಯಲಿಲ್ಲ. ಕಣ್ಣು ಮಂಜಾದ ಮುದುಕ ಏಲಿ ಕರೆದರೆಂದೇ ತಿಳಿದು ಪ್ರತಿ ಸಲವೂ ಎದ್ದು ಅವರ ಬಳಿಗೆ ಓಡಿದ. ಮುದಿಯ ಜೀವವೊಂದು ಕರೆದರೆ ನಡುರಾತ್ರಿಯಲ್ಲೂ ಏಳುವ ರೂಢಿ ಆ ಹುಡುಗನಿಗೆ ಮೊದಲೇ ಇತ್ತು. ದೇವರ ಕರೆಗೆ ಕಿವಿ ಸಿದ್ಧವಾದದ್ದು ಹಾಗೆಯೇ ಇರಬೇಕು ಎಂದು ನನಗೆ ಈಗೀಗ ಅನಿಸುತ್ತದೆ.

ಹಾಡು ಕೇಳಿ, ಚೆನ್ನಾಗಿ ಕೇಳಿ. ಅದೂ ದೇವರ ಕೊಡುಗೆಯೇ. ಒಳಗಿನ ಕೋಣೆಯಿಂದ ಕರೆ ಬಂದರೆ ಕೇಳುವಷ್ಟು ಮಾತ್ರ ಕಿವಿಯನ್ನು ತೆರೆದಿಟ್ಟುಕೊಳ್ಳಿ.

ಮುಂದಿನ ತಿಂಗಳು ಮತ್ತೆ ಜಗಲಿಯಲ್ಲಿ ಸೇರೋಣ.